ಬೆನ್ನ ಮೇಲಿನ ಮೂರು

ಆ ಫೋಟೊದಲ್ಲಿ ಮುಖವೇ ಕಾಣುವುದಿಲ್ಲ. ಒಂದು ಕೈಯಲ್ಲಿ ಟೋಪಿ, ಇನ್ನೊಂದು ಕೈ ನೆಲಕ್ಕೂರಿದ ಬ್ಯಾಟಿನ ಮೇಲೆ, ಸೊರಗಿದ ಮೈಮೇಲೆ ಜೋಲುವ ಪಟ್ಟೆ ಅಂಗಿ, ಬೆನ್ನಿಗೆ ಅಂಕಿ 3. ಬೇಸ್‌ಬಾಲ್ ಬಲ್ಲವರಿಗೆ ಅಷ್ಟು ಸಾಕು, ಬೇಬ್ ರೂತ್ ಎಂದುಬಿಡುತ್ತಾರೆ.

1948ರ ಜೂನ್ 13. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿಗೆ 25 ವರ್ಷ ತುಂಬಿದ ಸಮಾರಂಭ. ಕ್ಯಾನ್ಸರ್ ರೂತ್ ಅವರನ್ನು ಹಿಂಡಿಹಾಕಿತ್ತು. ಬ್ಯಾಟನ್ನೇ ಊರುಗೋಲು ಮಾಡಿಕೊಂಡು ಮೈದಾನಕ್ಕಿಳಿದರು. ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯ ಛಾಯಾಗ್ರಾಹಕ ನ್ಯಾಟ್ ಫೀನ್ ಎದುರಿಗೆ ನಿಲ್ಲುವುದು ಬಿಟ್ಟು ಅವರ ಹಿಂದಕ್ಕೆ ಹೋಗಿ ನಿಂತರು. ಮರುವರ್ಷ ಆ ಚಿತ್ರಕ್ಕೆ ಪುಲಿಟ್ಜರ್ ಬಂತು. ಸಮಾರಂಭದ ದಿನವೇ ಅವರ ಹಳೆಯ ತಂಡ ಯಾಂಕೀಸ್ 3ನ್ನು ನಿವೃತ್ತಗೊಳಿಸಿತು. ಇನ್ನು ಅದನ್ನು ಯಾರೂ ತೊಡುವಂತಿಲ್ಲ. ಎರಡು ತಿಂಗಳ ಮೇಲೆ ಮೂರು ದಿನಕ್ಕೆ ರೂತ್ ತೀರಿಕೊಂಡರು.

ಈ ಅಂಕಿಗಳನ್ನು ಯಾರೂ ಅದೃಷ್ಟ ನೋಡಿ ಕೊಟ್ಟಿದ್ದಲ್ಲ. 1929ರಲ್ಲಿ ಯಾಂಕೀಸ್ ಅಂಗಿಗೆ ಸಂಖ್ಯೆ ಹೊಲಿಸಿದಾಗ ಬ್ಯಾಟಿಂಗ್ ಸರದಿಯನ್ನೇ ಅನುಸರಿಸಿದರು. ಮೂರನೆಯವರಾಗಿ ಬರುತ್ತಿದ್ದ ರೂತ್‌ಗೆ 3, ಅವರ ಬೆನ್ನಿಗೇ ಬರುತ್ತಿದ್ದ ಲೂ ಗೆರಿಗ್‌ಗೆ 4. ದೂರದಲ್ಲಿ ಕೂತವರಿಗೆ ಆಟಗಾರ ಯಾರೆಂದು ತಿಳಿದರೆ ಸಾಕಿತ್ತು. ಇವತ್ತಿಗೂ ಈ ತಂಡದ ಅಂಗಿಯ ಬೆನ್ನಿಗೆ ಹೆಸರಿಲ್ಲ, ಬರೀ ಅಂಕಿ.

ರೂತ್ ತಂಡ ಬಿಟ್ಟಾಗ 3ನ್ನು ಯಾರೂ ಎತ್ತಿಡಲಿಲ್ಲವೆಂಬುದು ತಮಾಷೆ. ಅವರ ಜಾಗಕ್ಕೆ ಬಂದ ಜಾರ್ಜ್ ಸೆಲ್‌ಕರ್ಕ್ ಅಂಗಿಯ ಅಂಕಿಯನ್ನೂ ಪಡೆದರು. ಆಮೇಲೆ ಕೈಯಿಂದ ಕೈಗೆ ದಾಟಿ, 1948ರಲ್ಲಿ ಅದು ಇದ್ದದ್ದು ಕ್ಲಿಫ್ ಮೇಪ್ಸ್ ಎಂಬ ಹೊಸಬರ ಬೆನ್ನ ಮೇಲೆ. ಸಮಾರಂಭದ ಭರದಲ್ಲಿ ಅವರು 3ನ್ನು ಬಿಟ್ಟುಕೊಟ್ಟು 13 ತೊಟ್ಟರು, ಮುಂದೆ 7ಕ್ಕೆ ಬದಲಾದರು. 1951ರ ಜುಲೈನಲ್ಲಿ ತಂಡ ಅವರನ್ನು ಸೇಂಟ್ ಲೂಯಿಸ್‌ಗೆ ಸಾಗಹಾಕಿತು. ಆಗಸ್ಟಿನಲ್ಲಿ ಕೆಳದರ್ಜೆಯ ಲೀಗಿನಿಂದ ಮರಳಿದ 19ರ ಹುಡುಗನೊಬ್ಬನಿಗೆ 7 ಸಿಕ್ಕಿತು. ಆತ ಮಿಕ್ಕಿ ಮ್ಯಾಂಟಲ್. 1969ರಲ್ಲಿ 7ಕ್ಕೂ ನಿವೃತ್ತಿ. ಮೇಪ್ಸ್ ಯಾಂಕೀಸ್‌ಗೆ ಆಡಿದ್ದು ನಾಲ್ಕೇ ಋತು. ಅಷ್ಟರಲ್ಲೇ ಎರಡು ಚಾರಿತ್ರಿಕ ಅಂಗಿ ತೊಟ್ಟು ಬಿಚ್ಚಿದ್ದರು. ನನಗಂತೂ ಈ ಮನುಷ್ಯನ ಮೇಲೆ ಮ್ಯಾಂಟಲ್‌ಗಿಂತ ಒಂದು ಹಿಡಿ ಪ್ರೀತಿ ಹೆಚ್ಚು. ನಮ್ಮಲ್ಲಿ 2017ರಲ್ಲಿ ಶಾರ್ದೂಲ್ ಠಾಕೂರ್ ತೆಂಡೂಲ್ಕರರ 10 ತೊಟ್ಟು ಬಂದಾಗ ಎಷ್ಟು ರಂಪವಾಯಿತು ನೆನಪಿದೆಯಲ್ಲ?

ಗೆರಿಗ್‌ರ 4ರ ಕಥೆಯೇ ಬೇರೆ. ಸತತ 2,130 ಪಂದ್ಯ ಆಡಿದವರು 1939ರ ಮೇ 2ರಂದು ಡೆಟ್ರಾಯಿಟ್‌ನಲ್ಲಿ ತಾವಾಗಿಯೇ ಹೊರಗುಳಿದರು. ಸ್ನಾಯುಗಳ ಬಲವನ್ನೆಲ್ಲ ಕಸಿಯುವ ರೋಗವೆಂದು ಮುಂದಿನ ತಿಂಗಳು ತಿಳಿಯಿತು. 37ರ ವಯಸ್ಸಿಗೇ ಹೋದರು. ಪ್ರಮುಖ ಲೀಗ್‌ನಲ್ಲಿ ಮೊದಲು ನಿವೃತ್ತವಾದ ಅಂಕಿ ಅವರ 4. ಗೆರಿಗ್ ಬಿಟ್ಟು ಯಾಂಕೀಸ್‌ನಲ್ಲಿ ಇನ್ನೊಬ್ಬರು 4 ತೊಟ್ಟದ್ದೇ ಇಲ್ಲ.

ಶುರುವಿನಲ್ಲಿ ಅಪರೂಪವಾಗಿದ್ದ ಅಂಕಿಯ ನಿವೃತ್ತಿ ಆಮೇಲೆ ಸನ್ಮಾನದ ಶಾಲಿನಷ್ಟು ಸಲೀಸಾಯಿತು. 8ನ್ನು 1972ರಲ್ಲಿ ಬಿಲ್ ಡಿಕ್ಕಿ, ಯೋಗಿ ಬೆರ‍್ರಾ ಇಬ್ಬರ ಗೌರವಕ್ಕೂ ಒಟ್ಟಿಗೇ ಎತ್ತಿಟ್ಟರು. 2017ರಲ್ಲಿ ಡೆರೆಕ್ ಜೀಟರ್ ಅವರ 2 ಗೋಡೆ ಏರಿತು. ಅಲ್ಲಿಗೆ 1ರಿಂದ 9ರವರೆಗೆ ಎಲ್ಲವೂ ಖಾಲಿ. 2019ರಲ್ಲಿ ಆಡಮ್ ಒಟ್ಟವಿನೊ ಸೊನ್ನೆ ತೊಟ್ಟರು. ತಂಡದ ಈಗಿನ ದೊಡ್ಡ ತಾರೆ ಆರನ್ ಜಡ್ಜ್ ಬೆನ್ನ ಮೇಲೆ 99. ನಿವೃತ್ತ ಅಂಕಿಗಳು ಇಪ್ಪತ್ತು ದಾಟಿವೆ. ಅವುಗಳಲ್ಲಿ ಕೆಲವನ್ನಾದರೂ ಬಿಟ್ಟುಕೊಡಬಹುದಿತ್ತು ಎನಿಸುತ್ತದೆ.

42ರ ಬಗ್ಗೆ ಮಾತ್ರ ತಕರಾರಿಲ್ಲ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿದು, ಕರಿಯರಿಗೆ ಮುಚ್ಚಿದ್ದ ಬಾಗಿಲು ತೆರೆದ ಜಾಕಿ ರಾಬಿನ್ಸನ್ ಅವರದು ಅದು. 1997ರಲ್ಲಿ ಎಲ್ಲ ತಂಡಗಳೂ ಅದನ್ನು ಎತ್ತಿಟ್ಟವು. ಆಗಲೇ ತೊಡುತ್ತಿದ್ದವರಿಗೆ ವಿನಾಯಿತಿ ಸಿಕ್ಕಿತು. ಅವರಲ್ಲಿ ಕೊನೆಯವರು ಯಾಂಕೀಸ್‌ನ ಮರಿಯಾನೊ ರಿವೇರಾ, 2013ರ ತನಕ. ಈಗ ಪ್ರತಿ ಏಪ್ರಿಲ್ 15ಕ್ಕೆ ಆಡುವ ಎಲ್ಲ ತಂಡಗಳ ಪ್ರತಿಯೊಬ್ಬರ ಬೆನ್ನ ಮೇಲೂ 42. ಅಂದು ಮೊದಲ ಸಲ ಆಟ ನೋಡಲು ಬಂದವರು, ಬ್ಯಾಟ್ ಹಿಡಿದು ನಿಂತಿರುವುದು ಯಾರೆಂದು ಪಕ್ಕದವರನ್ನೇ ಕೇಳಬೇಕು.