ಕೈಕೊಡುವ ಗಾಡಿಯ ಕೈಬಿಡದವರು

ಎತ್ತು, ಎಮ್ಮೆ, ಕುದುರೆಗಳ ವಿಷಯದಲ್ಲಿ ಬಳಕೆಯಾಗುವ ‘ಸಾಕು’ ಎಂಬ ಕ್ರಿಯಾಪದವನ್ನು ಕನ್ನಡಿಗರು ಮೋಟಾರು ವಾಹನಕ್ಕೂ ಹಚ್ಚಿ ಬಹುಕಾಲವಾಗಿದ್ದು, ‘ಆ ಗಾಡಿ ಸಾಕುವುದು ಕಷ್ಟ’ ಎಂಬ ಮಾತಿನಲ್ಲಿ ಪೆಟ್ರೋಲಿನ ಖರ್ಚು, ಗ್ಯಾರೇಜಿನ ಅಲೆದಾಟ, ಸಿಗದ ಬಿಡಿಭಾಗದ ಚಿಂತೆ ಎಲ್ಲವೂ ಅಡಗಿರುತ್ತವೆ. ಹೊಸ ಕಾರನ್ನು ಯಾರೂ ಸಾಕುವುದಿಲ್ಲ. ಇಟ್ಟುಕೊಳ್ಳುತ್ತಾರೆ, ಓಡಿಸುತ್ತಾರೆ, ಕಂತು ತೀರಿದ ಕೆಲವು ವರ್ಷಕ್ಕೆ ಮಾರುತ್ತಾರೆ. ಸಾಕಬೇಕಾಗುವುದು ಮುಂಜಾನೆ ಚಳಿಗೆ ಸ್ಟಾರ್ಟ್ ಆಗದ, ಏರಿನಲ್ಲಿ ಕುದಿಯುವ, ತಯಾರಕರೇ ಇಲ್ಲವಾದ್ದರಿಂದ ಬಿಡಿಭಾಗವೂ ಇಲ್ಲವಾದ ಗಾಡಿಯನ್ನು. ಇಂತಹ ವಾಹನಗಳನ್ನು ಹಣ, ಸಮಯ ಮತ್ತು ಮನೆಯವರ ಸಹನೆಗಳ ಬೆಲೆ ತೆತ್ತು ಉಳಿಸಿಕೊಂಡಿರುವವರ ಹವ್ಯಾಸಕ್ಕೆ ಕರ್ನಾಟಕದಲ್ಲಿ ತನ್ನದೇ ಆದ ಒಂದು ಇತಿಹಾಸವಿದೆ.

ಈ ವಲಯದ ಪರಿಭಾಷೆಯಲ್ಲಿ ‘ವಿಂಟೇಜ್’ ಎಂದರೆ ಸಾಮಾನ್ಯವಾಗಿ 1919ರಿಂದ 1930ರವರೆಗೆ ತಯಾರಾದ ಕಾರು. ಅದಕ್ಕಿಂತ ಈಚಿನ, ಆದರೆ ರೂಪದಿಂದಲೋ ಅಪರೂಪದಿಂದಲೋ ಬೆಲೆಬಾಳುವಂಥದ್ದನ್ನು ‘ಕ್ಲಾಸಿಕ್’ ಎನ್ನುತ್ತಾರೆ. ಬೀದಿಯ ಮಾತಿನಲ್ಲಿ ಈ ಭೇದಗಳಿಲ್ಲ, ಹಳೆಯದೆಲ್ಲವೂ ವಿಂಟೇಜೇ. ಅರಮನೆಗಳಿಂದ ಬಂದ ಭಾರಿ ಕಾರುಗಳು ಈ ಹವ್ಯಾಸದ ಮುಖವಾಗಿ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆಯಾದರೂ ಅದರ ಮೈ ತುಂಬಿರುವುದು ಫಿಯಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ನಂತಹ ಮಧ್ಯಮವರ್ಗದ ಗಾಡಿಗಳಿಂದ. ಉತ್ಪಾದನೆಗೆ ಸರ್ಕಾರದ ಪರವಾನಗಿ ಬೇಕಿದ್ದ ‘ಲೈಸೆನ್ಸ್ ರಾಜ್’ ದಿನಗಳಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾದು ಪಡೆದ ವಸ್ತು ಕೆಟ್ಟು ನಿಂತಿತೆಂದು ಎಸೆಯುವ ಮಾತೇ ಇರಲಿಲ್ಲ. ರಿಪೇರಿಯ ಅಭ್ಯಾಸ ಆ ಕಾಯುವಿಕೆಯಿಂದಲೇ ಬೆಳೆಯಿತು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿ ಇಂತಹ ಗಾಡಿಯ ಗುಣವನ್ನು ಅಳೆಯಲು ತಕ್ಕ ಜಾಗ. ಬೆಂಗಳೂರಿನಿಂದ ತುಮಕೂರು ಮಾರ್ಗವಾಗಿ ಪುಣೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ ಈ ಹೋಬಳಿಯ ದಾಬಸ್‌ಪೇಟೆಯನ್ನು ಹಾದುಹೋಗುತ್ತದೆ. ಅಲ್ಲಿಂದಲೇ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಮೂಲಕ ಹೊಸೂರಿನ ಕಡೆಗೆ ಇನ್ನೊಂದು ಹೆದ್ದಾರಿ ಕವಲೊಡೆಯುತ್ತದೆ. ಪಕ್ಕದಲ್ಲೇ ಶಿವಗಂಗೆಯ ಬೆಟ್ಟ. ಕೈಗಾರಿಕಾ ಪ್ರದೇಶದ ಲಾರಿಗಳ ನಡುವೆ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತ ಸಾಗಬೇಕಾದ ಈ ದಾರಿಯಲ್ಲಿ ಐವತ್ತು ವರ್ಷದ ಎಂಜಿನ್ನು ಬೇಸಿಗೆಯ ಮಧ್ಯಾಹ್ನ ತಣ್ಣಗೆ ದಾಟಿತೆಂದರೆ ಅದರ ಒಡೆಯನ ಕೈಗುಣವನ್ನು ಮೆಚ್ಚಬೇಕು. ನೆಲಮಂಗಲ ಮತ್ತು ತುಮಕೂರಿನ ನಡುವೆ ಕುಲುಮೇಪಾಳ್ಯದಲ್ಲಿ ಟೋಲ್ ಇದೆ. ಕಬ್ಬಿಣ ಕಾಯಿಸುವ ಕುಲುಮೆ ಊರಿನ ಹೆಸರಿನಲ್ಲೇ ಇರುವುದು ಕಾಕತಾಳೀಯವಾದರೂ, ಟೋಲಿನ ಸರತಿಯಲ್ಲಿ ನಿಂತ ಹಳೆಯ ಕಾರಿನ ಬಾನೆಟ್ಟಿನೊಳಗೆ ನಡೆಯುವುದು ಅದಕ್ಕಿಂತ ದೂರದ ಸಂಗತಿಯಲ್ಲ.

ಅಲ್ಲಿ ಸಂಭವಿಸುವ ವಿದ್ಯಮಾನಕ್ಕೆ ಮೆಕ್ಯಾನಿಕ್‌ಗಳು ‘ವೇಪರ್ ಲಾಕ್’ ಎನ್ನುತ್ತಾರೆ. ಇಂದಿನ ಕಾರುಗಳಲ್ಲಿ ಪೆಟ್ರೋಲು ಎತ್ತುವ ಪಂಪು ಟ್ಯಾಂಕಿನೊಳಗೇ ತಂಪಾಗಿ ಮುಳುಗಿದ್ದು ವಿದ್ಯುತ್ತಿನಿಂದ ನಡೆಯುತ್ತದೆ. ಹಳೆಯ ಫಿಯಟ್, ಅಂಬಾಸಿಡರ್‌ಗಳಲ್ಲಿ ಅದು ಎಂಜಿನ್ನಿನ ಮೈಗೇ ಅಂಟಿಕೊಂಡಿದ್ದು ಎಂಜಿನ್ನಿನ ತಿರುಗುವಿಕೆಯಿಂದಲೇ ಚಲಿಸುತ್ತದೆ. ಗಾಡಿ ಓಡುತ್ತಿರುವಷ್ಟು ಹೊತ್ತು ಗಾಳಿ ತಾಗಿ ಪಂಪು ತಣ್ಣಗಿರುತ್ತದೆ. ಸರತಿಯಲ್ಲಿ ನಿಂತಾಗ ಎಂಜಿನ್ನಿನ ಶಾಖ ಅದಕ್ಕೇರಿ, ಒಳಗಿನ ಪೆಟ್ರೋಲು ಕುದಿದು ಆವಿಯಾಗುತ್ತದೆ; ದ್ರವವನ್ನು ಎಳೆಯಲೆಂದು ಮಾಡಿದ ಪಂಪು ಆವಿಯನ್ನು ಎಳೆಯಲಾರದೆ ಸೋಲುತ್ತದೆ; ಎಂಜಿನ್ನು ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ, ಬಾನೆಟ್ ಎತ್ತಿ, ಹಿಂದಿನ ಲಾರಿಯವರ ಬೈಗುಳವನ್ನು ಕೇಳಿಸಿಕೊಳ್ಳುತ್ತ ಕಾಲು ಗಂಟೆ ಕಾಯುವುದೇ ಇದಕ್ಕೆ ಔಷಧ. ಶಿವಗಂಗೆಯ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುತ್ತದೆಂಬುದು ಭಕ್ತರ ನಂಬಿಕೆ. ಬೆಟ್ಟದ ಕೆಳಗಿನ ಹೆದ್ದಾರಿಯಲ್ಲಿ ಪೆಟ್ರೋಲು ಗಾಳಿಯಾಗುವುದಕ್ಕೆ ನಂಬಿಕೆಯ ಅಗತ್ಯವಿಲ್ಲ.

ಇದರಷ್ಟೇ ಪರಿಚಿತವಾದ ಮತ್ತೊಂದು ರೋಗ ‘ಪಾಯಿಂಟ್’ನದು. ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಬೇಕಾದ ಕ್ಷಣದಲ್ಲಿ ಕಾಯಿಲ್‌ಗೆ ಹೋಗುವ ವಿದ್ಯುತ್ತನ್ನು ಕಡಿಯುವ ಪುಟ್ಟ ಲೋಹದ ಬಾಯಿಗೆ ಈ ಹೆಸರು. ಆ ಬಾಯಿ ತೆರೆಯುವ ಅಂತರ ಒಂದು ಮಿಲಿಮೀಟರಿನ ಅರ್ಧಕ್ಕೂ ಕಡಿಮೆಯಾಗಿದ್ದು, ಅಲ್ಲಿ ಮಸಿ ಕಟ್ಟಿದರೆ ಇಡೀ ಗಾಡಿ ನಿಲ್ಲುತ್ತದೆ. ಎಮರಿ ಕಾಗದದಿಂದ, ಅದಿಲ್ಲದಿದ್ದರೆ ಬೆಂಕಿಪೊಟ್ಟಣದ ಕಡ್ಡಿ ಗೀರುವ ಬದಿಯಿಂದ ಉಜ್ಜಿ ಅದನ್ನು ಸರಿಪಡಿಸುವುದು ಹಳಬರಿಗೆಲ್ಲ ಗೊತ್ತಿದ್ದ ವಿದ್ಯೆ. ಹವ್ಯಾಸಿಗಳ ಮಮತೆಯ ಗುಟ್ಟು ಇಲ್ಲಿದೆ. ಕೆಡದ ಯಂತ್ರ ತನ್ನ ಒಳಗನ್ನು ಯಾರಿಗೂ ತೋರುವುದಿಲ್ಲ. ಪದೇ ಪದೇ ಕೆಡುವ ಯಂತ್ರ ತನ್ನ ಒಡೆಯನಿಗೆ ಪಾಠ ಹೇಳುತ್ತದೆ, ಮತ್ತು ಆ ಪಾಠ ಕಲಿತವನಿಗೆ ಶಬ್ದದ ಸಣ್ಣ ವ್ಯತ್ಯಾಸದಿಂದಲೇ ರೋಗದ ಸುಳಿವು ಸಿಗುತ್ತದೆ. ಇದನ್ನು ಬರಿಯ ಹಳೆಯದರ ಹಂಬಲವೆಂದು ಕರೆದರೆ ಅದರಲ್ಲಿರುವ ಕಸುಬಿಗೆ ಅನ್ಯಾಯವಾಗುತ್ತದೆ.

ಕೆಡುವಿಕೆ ಮತ್ತು ಅಪರೂಪ ಎರಡೂ ಒಂದೇ ಮೈಯಲ್ಲಿ ಕೂಡಿದ ಉದಾಹರಣೆಗೆ ಹೊರಗೆ ಹುಡುಕಬೇಕಾಗಿಲ್ಲ, ಅದು ಬೆಂಗಳೂರಿನಲ್ಲೇ ತಯಾರಾಯಿತು. 1970ರ ದಶಕದಲ್ಲಿ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಎಂಬ ಹೆಸರಿನಲ್ಲಿ ಆರಂಭವಾಗಿ ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂದು ಪ್ರಸಿದ್ಧವಾದ ಸಂಸ್ಥೆ ಮೊದಲು ಹೊರತಂದದ್ದು ‘ಬಾದಲ್’ ಎಂಬ ಮೂರು ಚಕ್ರದ ಕಾರು. ಅದರ ಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು, ಎಂದರೆ ಗಾಜಿನ ಎಳೆಯ ಹಾಸನ್ನು ರಾಳದಲ್ಲಿ ನೆನೆಸಿ ಅಚ್ಚಿನಲ್ಲಿ ಗಟ್ಟಿಯಾಗಿಸಿದ್ದು. 1982ರಲ್ಲಿ ಬಂದ ‘ಡಾಲ್ಫಿನ್’ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’ ಎಂಬ ಕಾರಿನ ಭಾರತೀಯ ಅವತಾರ: ಎರಡು ಬಾಗಿಲು, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್ನು, ಅದೇ ಫೈಬರ್ ಮೈ. ಹಗುರವಾದ್ದರಿಂದ ಅದು ರ‍್ಯಾಲಿ ಮತ್ತು ರೇಸುಗಳಲ್ಲಿ ಹೆಸರು ಮಾಡಿತು. ಸಂಸಾರಸ್ಥರಿಗೆ ನಾಲ್ಕು ಬಾಗಿಲು ಬೇಕೆಂದಾಗ ‘ಮೊಂಟಾನಾ’ ಬಂತು. ಅಷ್ಟರಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಿತ್ತು. ಕೀ ತಿರುಗಿಸಿದೊಡನೆ ಸ್ಟಾರ್ಟ್ ಆಗುವ ಕಾರನ್ನು ಕಂಡ ದೇಶ ಬೇರೆ ಕಡೆ ತಿರುಗಿ ನೋಡಲಿಲ್ಲ. ತೊಂಬತ್ತರ ದಶಕದಲ್ಲಿ ಬ್ರಿಟಿಷ್ ಮೂಲದ ‘ಮೊಂಟೆಗೊ’ವನ್ನು ಜೋಡಿಸಿ ಮಾರಿದ ಪ್ರಯತ್ನವೂ ಸಂಸ್ಥೆಯನ್ನು ಉಳಿಸಲಿಲ್ಲ.

ಫೈಬರ್ ಮೈಯ ಗುಣದೋಷಗಳು ವಿಚಿತ್ರವಾಗಿವೆ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಆದರೆ ಅದರ ಕೆಳಗಿನ ಕಬ್ಬಿಣದ ಚಾಸಿಗೆ ಹಿಡಿಯುತ್ತದೆ. ಬಾಗಿಲಿನ ಕೀಲು, ಬೋಲ್ಟು ಕೂತ ಜಾಗಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಹಬ್ಬುತ್ತವೆ. ಸುತ್ತಿಗೆ ಹಿಡಿದು ತಗಡಿನ ತಗ್ಗು ತೆಗೆಯುವ ಟಿಂಕರಿಂಗ್‌ನವರಿಗೆ ಅದರ ಮೇಲೆ ಕೆಲಸವಿಲ್ಲ, ಬಿರುಕನ್ನು ಉಜ್ಜಿ ತೆಗೆದು ಹಾಸು ಇಟ್ಟು ರಾಳ ಬಳಿಯಬಲ್ಲವರೇ ಬೇಕು. ಬಿದ್ದ ಡಾಲ್ಫಿನ್ ಗುಜರಿಗೂ ಬೇಡವಾಗುತ್ತಿತ್ತೆಂಬುದನ್ನು ಊಹಿಸಬಹುದು: ಗುಜರಿಯವರು ತೂಕಕ್ಕೆ ಕೊಳ್ಳುವುದು ಕಬ್ಬಿಣವನ್ನೇ ಹೊರತು ರಾಳವನ್ನಲ್ಲ.

ಪೂರ್ವ ಜರ್ಮನಿಯ ‘ಟ್ರಾಬಾಂಟ್’ನ ಕಥೆಯೂ ಇದಕ್ಕೆ ಹತ್ತಿರ. ಹತ್ತಿಯ ನಾರು ಮತ್ತು ರಾಳದ ಮಿಶ್ರಣದ ಮೈ, ಹೊಗೆಯುಗುಳುವ ಟೂ ಸ್ಟ್ರೋಕ್ ಎಂಜಿನ್ನು, ಹತ್ತಕ್ಕೂ ಹೆಚ್ಚು ವರ್ಷಗಳ ಕಾಯುವ ಪಟ್ಟಿ. ಬರ್ಲಿನ್ ಗೋಡೆ ಬಿದ್ದ ಮೇಲೆ ಜನ ಅದನ್ನು ಬೀದಿಯಲ್ಲೇ ಬಿಟ್ಟು ನಡೆದರು, ಈಗ ಅದಕ್ಕೆ ಸಂಘಗಳಿವೆ, ಮೇಳಗಳಿವೆ. ಆದರೆ ಟ್ರಾಬಾಂಟ್ ತಯಾರಾದದ್ದು ಸುಮಾರು 30 ಲಕ್ಷ, ಹಾಗಾಗಿ ಉಳಿದವುಗಳಿಗೆ ಭಾಗ ಸಿಗುತ್ತದೆ. ಡಾಲ್ಫಿನ್‌ಗೆ ಆ ಭಾಗ್ಯವಿಲ್ಲ. ಬೆಂಗಳೂರೇ 2001ರಲ್ಲಿ ಹೊರತಂದ, ಲಂಡನ್ನಿನಲ್ಲಿ ‘ಜಿ-ವಿಜ್’ ಎಂದು ಮಾರಾಟವಾದ ‘ರೇವಾ’ ವಿದ್ಯುತ್ ಕಾರು ಇದೇ ಸಾಲಿಗೆ ಸೇರುತ್ತಿದೆ. ಅದರ ಸೀಸದ ಬ್ಯಾಟರಿಗಳು ಸೋತಾಗ ಕೆಲವು ಒಡೆಯರು ಲಿಥಿಯಂ ಬ್ಯಾಟರಿ ಕೂರಿಸಿ ಅದಕ್ಕೆ ಮರುಜನ್ಮ ಕೊಡುತ್ತಿದ್ದಾರೆ.

ಭಾಗ ಸಿಗದಿದ್ದಾಗ ದಾರಿ ಮೂರು: ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕುವುದು, ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು ಗಾಡಿಯಿಂದ ಬಿಚ್ಚಿದ್ದನ್ನು ತರುವುದು, ಎರಡೂ ಆಗದಿದ್ದರೆ ಹಳೆಯ ಭಾಗವನ್ನೇ ಮಾದರಿಯಾಗಿ ಕೊಟ್ಟು ಲೇತ್‌ನಲ್ಲಿ ಒಂದೇ ಒಂದನ್ನು ಮಾಡಿಸುವುದು. ತುಮಕೂರು ರಸ್ತೆಯ ಪೀಣ್ಯ ಈ ಮೂರನೆಯ ದಾರಿಗೆ ಹೇಳಿ ಮಾಡಿಸಿದ ಜಾಗ. ಭಾಗಕ್ಕಿಂತ ಕಠಿಣವಾದ ಸಮಸ್ಯೆ ಪೆಟ್ರೋಲಿನದು. 2000ದಲ್ಲಿ ದೇಶಾದ್ಯಂತ ಸೀಸರಹಿತ ಪೆಟ್ರೋಲು ಬಂದಾಗ, ಸೀಸದ ಲೇಪವನ್ನು ನಂಬಿದ್ದ ಹಳೆಯ ಎಂಜಿನ್ನುಗಳ ವಾಲ್ವಿನ ಪೀಠಗಳು ಸವೆಯತೊಡಗಿದವು. ಈಗ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆತಿದ್ದು, ಅದು ನೀರನ್ನು ಹೀರಿಕೊಳ್ಳುವುದಲ್ಲದೆ ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ನಿಂತಿರುವ ಗಾಡಿಗೆ ಇದು ಓಡುವ ಗಾಡಿಗಿಂತ ಹೆಚ್ಚಿನ ಪೆಟ್ಟು. ಆಯುಧಪೂಜೆಯಂದು ಮಾವಿನ ತೋರಣ ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಗಾಡಿ ಮುಂದೆ ಸರಿದು ಹಣ್ಣು ಹಿಚುಕಬೇಕಾದ ಹೊತ್ತಿಗೆ ನಾಲ್ಕು ಜನ ಹಿಂದಿನಿಂದ ತಳ್ಳುವ ದೃಶ್ಯ ಅನೇಕ ಮನೆಗಳಿಗೆ ಹೊಸದಲ್ಲ.

ಸಂಗ್ರಹಾಲಯಗಳ ಮಟ್ಟದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಧರ್ಮಸ್ಥಳದ ‘ಮಂಜೂಷಾ’ದ ಹಳೆಯ ಕಾರುಗಳ ಸಂಗ್ರಹವೂ, ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಶ್ರೀರಂಗಪಟ್ಟಣದ ಬಳಿ ತಲೆಯೆತ್ತಿರುವ ‘ಪಯಣ’ವೂ ನೋಡತಕ್ಕವು. ದ್ವಿಚಕ್ರದವರು ಇನ್ನೂ ಸಂಘಟಿತರು: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಜಾವಾ, ಯೆಜ್ಡಿಗಳ ಒಡೆಯರು ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಒಂದೆಡೆ ಸೇರುತ್ತಾರೆ. ಅರಮನೆಯ ಕಾರಿಗೆ ಗಾಜಿನ ಮನೆಯಿದೆ, ಜಾವಾಕ್ಕೆ ಬಂಧುಬಳಗವಿದೆ. ನಡುವೆ ಅನಾಥವಾಗಿರುವುದು ಬೆಂಗಳೂರಿನ ಸ್ವಂತ ಕೂಸುಗಳಾದ ಬಾದಲ್ ಮತ್ತು ಡಾಲ್ಫಿನ್‌ಗಳೇ.

ಕಾನೂನು ಕೂಡ ಅವುಗಳ ಪಾಲಿಗೆ ಅರ್ಧ ತೆರೆದ ಬಾಗಿಲು. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕವಿದ್ದು, ನೋಂದಣಿ ಹತ್ತು ವರ್ಷ ಊರ್ಜಿತವಾಗಿರುತ್ತದೆ. ನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ, ಪ್ರದರ್ಶನ, ರ‍್ಯಾಲಿ, ಸಂಶೋಧನೆ, ರಿಪೇರಿ ಮತ್ತು ಇಂಧನಕ್ಕಷ್ಟೇ ಹೊರಡಬಹುದು. ಈಗಾಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದಾದ್ದರಿಂದ ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಫಲಕಗಳಿಗೆ ಜೀವದಾನ ಸಿಕ್ಕಿದೆ. ಆದರೆ ನಿಯಮ ಹೇಳುವುದು ಎರಡು ಮತ್ತು ನಾಲ್ಕು ಚಕ್ರದ ವಾಹನಗಳನ್ನು ಮಾತ್ರ. ಮೂರು ಚಕ್ರದ ಬಾದಲ್ ಅದರ ಅಕ್ಷರದೊಳಗೆ ಬರುವುದಿಲ್ಲ. ಪೆಟ್ರೋಲಿನ ಖರ್ಚಿಗೆ ಹೆದರಿ ಡೀಸೆಲ್ ಎಂಜಿನ್ ಕೂರಿಸಿಕೊಂಡ ಅಂಬಾಸಿಡರ್‌ಗಳೂ ಮೂಲ ರೂಪದ ಷರತ್ತಿನಲ್ಲಿ ಹೊರಗುಳಿಯುತ್ತವೆ. 1982ರ ಮೊದಲ ಡಾಲ್ಫಿನ್‌ಗಳು ಅರ್ಹವಾಗುವುದು 2032ರಲ್ಲಿ.

ಈ ನಿಯಮದಡಿ ಅರ್ಜಿ ಹಾಕುವವರು ದೇಶದಲ್ಲಿ ಮೊದಲೇ ನೋಂದಣಿಯಾದ ವಾಹನದ ಹಳೆಯ ಆರ್.ಸಿ.ಯನ್ನು, ಎಂದರೆ ನೋಂದಣಿ ಪುಸ್ತಕವನ್ನು, ಹಾಜರುಪಡಿಸಬೇಕು. ಆದ್ದರಿಂದ ಹಿತ್ತಿಲಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿ, ಟಾರ್ಪಾಲಿನಡಿ ಅಜ್ಜನ ಕಾಲದ ಗಾಡಿ ನಿಂತಿರುವ ಮನೆಯವರು ಅದನ್ನು ಮಾರುವ ಮಾತು ಬಂದಾಗ ಬೀರುವಿನ ಅಡಿಯಲ್ಲಿರುವ ಆ ಪುಸ್ತಕವನ್ನು ಮೊದಲು ಹುಡುಕಿಟ್ಟುಕೊಳ್ಳಲಿ; ಗಾಡಿಯನ್ನು ಕೊಂಡೊಯ್ಯುವವರು ಗುಜರಿಯವರಾಗದೆ ಸಾಕುವವರೇ ಆಗಲು ಆ ಒಂದು ಕಾಗದ ಸಾಕು.