ಪಟ್ಟಿಗೆ ಸೇರದ ಒಂದು ಜರ್ಮನ್ ನೌಕಾಪುಸ್ತಕ: ಗುರುತಿಸುವ ಕ್ರಮ

ಕಡಲಯಾನಕ್ಕೆ ಸಂಬಂಧಿಸಿದ ವಸ್ತುಸಂಗ್ರಹಾಲಯಗಳ ದಫ್ತರಗಳಲ್ಲಿ ಯಾವ ಪಟ್ಟಿಗೂ ಸೇರದ ಕಾಗದಪತ್ರಗಳಿರುವುದುಂಟು. ಅಂಥ ಒಂದೆಡೆ ಎರಡನೆಯ ಮಹಾಯುದ್ಧದ ಕಾಲದ್ದೆಂದು ತೋರುವ ಜರ್ಮನ್ ಪುಸ್ತಕವೊಂದು ದೊರೆಯಿತೆಂದು ಭಾವಿಸೋಣ. ಅದರ ಮೊದಲ ಹಾಳೆಗಳಿಲ್ಲ. ದಿನ ಮತ್ತು ತಿಂಗಳು ಉಂಟು, ವರ್ಷವಿಲ್ಲ. ಅದು ಯಾರದು, ಯಾವಾಗಿನದು ಎಂಬುದನ್ನು ನಿರ್ಣಯಿಸುವುದು ಹೇಗೆ? ಕಾಲನಿರ್ದೇಶವಿಲ್ಲದ ಶಾಸನಗಳನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಸಾಮಗ್ರಿ ಮಾತ್ರ ಹೊಸದು.

ಮೊದಲು ಬಹಿಸ್ಸಾಕ್ಷ್ಯವನ್ನು ನೋಡಬೇಕು. ಜರ್ಮನ್ ನೌಕಾಸೇನೆಯ ದಾಖಲೆಗಳ ಮುಖ್ಯ ಸಂಗ್ರಹವು 1945ರಲ್ಲಿ ಬವೇರಿಯದ ತಾಂಬಾಖ್ ಕೋಟೆಮನೆಯಲ್ಲಿ ಮಿತ್ರಪಕ್ಷದವರ ಕೈಸೇರಿತು. ಅದನ್ನು ಲಂಡನ್ನಿಗೆ ಸಾಗಿಸಿ, ಕಡತಗಳಿಗೆ 'ಪಿ. ಜಿ.' ಎಂಬ ಅಕ್ಷರಗಳುಳ್ಳ ಸಂಖ್ಯೆಗಳನ್ನು ಕೊಟ್ಟರು. ಮುಂದೆ ಅವು ಜರ್ಮನಿಗೆ ಹಿಂದಿರುಗಿದವು. ಈಗ ಫ್ರೈಬುರ್ಗಿನ ಸೈನಿಕ ದಫ್ತರದಲ್ಲಿವೆ. ನಮ್ಮ ಪುಸ್ತಕದ ಹೊದಿಕೆಯ ಮೇಲೆ ಅಂಥ ಸಂಖ್ಯೆಯಿದ್ದರೆ ಅದರ ಮೂಲವನ್ನು ಅರಸುವ ದಾರಿ ಸುಗಮ. ಇಲ್ಲವಾದರೆ ಅದು ಬೇರಾವುದೋ ಕೈಯಿಂದ ಬಂದಿರಬಹುದು. ಆಗ ಅಂತಸ್ಸಾಕ್ಷ್ಯವೇ ಗತಿ.

ಇಲ್ಲಿ ಬರವಣಿಗೆಯ ರೀತಿಯು ಸುಲಭವಾಗಿ ದಾರಿ ತಪ್ಪಿಸುತ್ತದೆ. ಜರ್ಮನ್ ಶಾಲೆಗಳಲ್ಲಿ ಕಲಿಸುತ್ತಿದ್ದ ಹಳೆಯ ಮೋಡಿಬರಹವನ್ನು 1941ರಲ್ಲಿ ಕೈಬಿಡಲಾಯಿತು. ಹಾಗೆಂದು ಆ ಬರಹದ ಪುಸ್ತಕವೆಲ್ಲ 1941ಕ್ಕಿಂತ ಹಿಂದಿನದೆಂದು ಹೇಳಲಾಗದು. ಬಾಲ್ಯದಲ್ಲಿ ಕಲಿತ ಕೈಯನ್ನು ವಯಸ್ಕನು ಸರ್ಕಾರದ ಆಜ್ಞೆಯಿಂದ ಬದಲಿಸುವುದಿಲ್ಲ. ಲಿಪಿಯು ಬರೆದವನ ವಿದ್ಯಾಭ್ಯಾಸದ ಕಾಲವನ್ನು ಹೇಳುತ್ತದೆ, ಬರೆದ ವರ್ಷವನ್ನಲ್ಲ.

ಸ್ಥಳನಿರ್ದೇಶವು ಹೆಚ್ಚು ವಿಶ್ವಸನೀಯವಾದುದು. ಅಕ್ಷಾಂಶ ರೇಖಾಂಶಗಳ ಬದಲು 'ಎ. ಎಲ್.' ಮೊದಲಾದ ಎರಡು ಅಕ್ಷರಗಳೂ ನಾಲ್ಕು ಅಂಕೆಗಳೂ ಕಂಡರೆ, ಅದು ಜರ್ಮನ್ ನೌಕಾಸೇನೆಯ ಚೌಕನಕ್ಷೆಯ ಸಂಕೇತವಿರಬೇಕು. ಅತ್ಯಂತ ಕಿರಿಯ ಚೌಕದ ಬದಿಯು ಸುಮಾರು 6 ನಾವಿಕ ಮೈಲಿ. ಆಗ ಇದು ವ್ಯಾಪಾರಿ ಹಡಗಿನ ಲೆಕ್ಕವಲ್ಲ, ಸೇನೆಯದು ಎಂಬ ಊಹೆ ಬಲಗೊಳ್ಳುತ್ತದೆ.

ವರ್ಷದ ನಿರ್ಣಯಕ್ಕೆ ಗಡಿಯಾರವೇ ನೆರವಾಗುತ್ತದೆ. ಜರ್ಮನಿಯ ಸಾಮಾನ್ಯ ವೇಳೆ ಗ್ರೀನಿಚ್ಚಿಗಿಂತ 1 ಗಂಟೆ ಮುಂದೆ. ಬೇಸಗೆಯ ವೇಳೆ 2 ಗಂಟೆ ಮುಂದೆ. ಆದರೆ 1940ರ ಏಪ್ರಿಲ್ 1ರಿಂದ 1942ರ ನವೆಂಬರ್ 2ರವರೆಗೆ ಅಲ್ಲಿ ಬೇಸಗೆಯ ವೇಳೆಯನ್ನು ಚಳಿಗಾಲದಲ್ಲಿಯೂ ಬಿಡಲಿಲ್ಲ. ಜನವರಿಯ ದಿನವೊಂದರಲ್ಲಿ ಗೊತ್ತಾದ ಚೌಕದಲ್ಲಿ ಸೂರ್ಯೋದಯವಾದ ಹೊತ್ತನ್ನು ಪುಸ್ತಕವು ನಮೂದಿಸಿದ್ದರೆ, ಅದೇ ಸ್ಥಳದ ಸೂರ್ಯೋದಯವನ್ನು ಗ್ರೀನಿಚ್ ವೇಳೆಯಲ್ಲಿ ಗಣಿಸಿ ಹೋಲಿಸಬಹುದು. ಅಂತರವು 2 ಗಂಟೆಯಾದರೆ ಆ ಜನವರಿ 1941ರದು ಅಥವಾ 1942ರದು. ಇವೆರಡರಲ್ಲಿ ಯಾವುದೆಂಬುದನ್ನು ಬೆಳುದಿಂಗಳ ಉಲ್ಲೇಖವು ತಿಳಿಸೀತು. ಏಕೆಂದರೆ ವರ್ಷದಿಂದ ವರ್ಷಕ್ಕೆ ಹುಣ್ಣಿಮೆಯು ಸುಮಾರು 11 ದಿನ ಸರಿಯುತ್ತದೆ. ಬರೆದವನು ಬೇರೆ ವೇಳೆಯನ್ನು ಅನುಸರಿಸಿರಲೂಬಹುದಾದ್ದರಿಂದ ಒಂದೇ ನಮೂದನ್ನು ನಂಬದೆ ಅನೇಕ ನಮೂದುಗಳನ್ನು ಪರೀಕ್ಷಿಸಬೇಕು.

ಇಷ್ಟಾದರೂ ಪುಸ್ತಕವನ್ನು ಗುರುತಿಸಿದಂತಾಯಿತೇ ಹೊರತು ಅದರ ಮಾತು ನಿಜವೆಂದು ಸಿದ್ಧವಾಗಲಿಲ್ಲ. 1939ರ ಸೆಪ್ಟೆಂಬರ್ 3ರಂದು, ಬ್ರಿಟನ್ ಯುದ್ಧ ಸಾರಿದ ದಿನವೇ, 'ಅಥೀನಿಯಾ' ಎಂಬ ಪ್ರಯಾಣಿಕರ ಹಡಗನ್ನು 'ಯು-30' ಎಂಬ ಜರ್ಮನ್ ಜಲಾಂತರ್ನೌಕೆ ಮುಳುಗಿಸಿತು. ನೂರಕ್ಕೂ ಹೆಚ್ಚು ಜನ ಸತ್ತರು. ಜರ್ಮನಿ ಅದನ್ನು ಅಲ್ಲಗಳೆಯಿತು. ನೌಕೆಯ ಯುದ್ಧದಿನಚರಿಯಲ್ಲಿ ಆ ಘಟನೆಯ ಸುಳಿವೇ ಇರಲಿಲ್ಲ. 1946ರಲ್ಲಿ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಈ ದಿನಚರಿಯ ಪುಟ ಬದಲಾಗಿರುವುದು ಹೊರಬಿತ್ತು. ಆ ಪುಟದಲ್ಲಿ ತಿಂಗಳನ್ನು ಸೂಚಿಸಿದ ಅಂಕೆಯ ರೀತಿ ಉಳಿದ ಪುಟಗಳಿಗಿಂತ ಬೇರೆಯಾಗಿತ್ತು. ಒಂದೆಡೆ ರೋಮನ್ ಅಂಕೆ, ಇನ್ನೊಂದೆಡೆ ಅರಬ್ಬೀ ಅಂಕೆ. ಅಥೀನಿಯಾದ ಉಲ್ಲೇಖವನ್ನು ಕೈಬಿಡಲು ತಾನೇ ಆಜ್ಞಾಪಿಸಿದುದಾಗಿ ನೌಕಾಧಿಪತಿ ಡೋನಿಟ್ಸ್ ಒಪ್ಪಿಕೊಂಡನು. ದಿನಚರಿ ಅಸಲಿಯೇ, ಅದರ ಸಾಕ್ಷ್ಯ ಸುಳ್ಳು. ನಮ್ಮ ಕೂಟಶಾಸನಗಳನ್ನು ಹಿಡಿಯುವುದೂ ಇಂಥ ಸಣ್ಣ ಅಸಂಗತಿಗಳಿಂದಲೇ ಅಲ್ಲವೇ?

ಆದುದರಿಂದ ಪಟ್ಟಿ ಬರೆಯುವವನು ಕಂಡುದನ್ನೂ ಊಹಿಸಿದುದನ್ನೂ ಬೇರೆಬೇರೆಯಾಗಿ ಬರೆಯತಕ್ಕದ್ದು. ಹಡಗಿನ ಹೆಸರು ಸಿದ್ಧವಾಗದಿದ್ದರೆ ಆ ಸ್ಥಳವನ್ನು ಖಾಲಿ ಬಿಡುವುದು ಲಜ್ಜೆಯ ಸಂಗತಿಯಲ್ಲ. ಒಮ್ಮೆ ತಪ್ಪು ಹೆಸರು ಪಟ್ಟಿ ಸೇರಿದರೆ ಮುಂದಿನವರು ಅದನ್ನೇ ಪ್ರಮಾಣವೆಂದು ಉದ್ಧರಿಸುತ್ತಾರೆ. ಯಾರದೋ ಸಾವು ಇನ್ನಾರದೋ ಲೆಕ್ಕಕ್ಕೆ ಸೇರುತ್ತದೆ. ಖಾಲಿ ಬಿಟ್ಟ ಸ್ಥಳವಾದರೋ ಮುಂದೆ ಬರುವ ಶೋಧಕನಿಗಾಗಿ ಕಾದಿರುತ್ತದೆ.