ಕಾಫಿ ತೋಟದ ನಡುವೆ ಒಂದು ರಾಜಧಾನಿ

ಮೂಡಿಗೆರೆ ತಾಲ್ಲೂಕಿನ ಅಂಗಡಿ. ಹೆಸರು ಕೇಳಿದರೆ ಸಂತೆಯ ಊರು ಅನ್ನಿಸುತ್ತೆ, ಅಲ್ವಾ? ಆದರೆ ಬೇಲೂರು, ಹಳೇಬೀಡಿಗೂ ಮೊದಲು ಹೊಯ್ಸಳರು ನೆಲೆನಿಂತದ್ದು ಇಲ್ಲೇ. ಆಗ ಇದು ಸೊಸೆವೂರು, ಶಶಕಪುರ.

ಹೊಯ್ಸಳ ವಂಶದ ಮೂಲಪುರುಷ ಸಳ ಹುಲಿಯನ್ನು ಹೊಡೆದ ಕತೆ ಹುಟ್ಟಿದ್ದು ಇಲ್ಲಿನ ವಾಸಂತಿಕಾ ದೇವಿಯ ಗುಡಿಯ ಅಂಗಳದಲ್ಲಿ. ದೇವಿಗೆ ಇವತ್ತಿಗೂ ಪೂಜೆಯಿದೆ. ಹತ್ತಿರದಲ್ಲೇ ಹಳೆಯ ಜೈನ ಬಸದಿಗಳು. ಬೇಲೂರು ನೋಡಲು ಬಂದವರೆಲ್ಲ ಒಮ್ಮೆ ಇತ್ತ ತಿರುಗಲಿ ಅನ್ನೋದು ನನ್ನಾಸೆ.

ಈಗ ಸುತ್ತ ನೋಡಿ. ಕಾಫಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹೊಯ್ಸಳರು ಕಾಫಿ ಗಿಡ ಕಂಡವರೇ ಅಲ್ಲ! ಅರೇಬಿಕಾ ಕಾಫಿಯ ತವರು ಇಥಿಯೋಪಿಯಾದ ಕಾಡು. ಅಲ್ಲಿಂದ ಯೆಮನ್‌ಗೆ, ಯೆಮನ್‌ನಿಂದ 17ನೇ ಶತಮಾನದಲ್ಲಿ ಬಾಬಾ ಬುಡನ್ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಅನ್ನುತ್ತೆ ನಮ್ಮ ಐತಿಹ್ಯ.

ಆ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ, ನೆಂಟರ ಕಣ್ಣೆದುರೇ ಹಸಿ ಬೀಜ ಹುರಿದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ. ಕೊನೆಯ ಸುತ್ತಿನ ಹೆಸರು ಬರಕಾ, ಅಂದರೆ ಆಶೀರ್ವಾದ. ಊಟಕ್ಕೆ ಟೆಫ್ ಎಂಬ ಧಾನ್ಯದ ಹಿಟ್ಟು ಹುಳಿ ಬರಿಸಿ ಹುಯ್ದ ಇಂಜೆರಾ. ನಮ್ಮ ದೋಸೆಯ ದೂರದ ನೆಂಟ.

ನಮ್ಮ ಮಲೆನಾಡಲ್ಲಿ? ಹಬೆಯಾಡೋ ಕಡುಬು, ಮಳೆಗಾಲವಾದರೆ ಕಳಲೆ, ಪತ್ರೊಡೆ. ಜೊತೆಗೆ ಬೆಲ್ಲದ ಕಾಫಿ.

ಅಂಗಡಿ ನೋಡಿದ ಮೇಲೆ ಕೊಟ್ಟಿಗೆಹಾರದ ದಾರಿ ಹಿಡಿದು ಭದ್ರೆಯ ದಂಡೆಯ ಕಳಸಕ್ಕೆ ಬನ್ನಿ. ಮೆಟ್ಟಿಲು ಹತ್ತಿ ಕಳಸೇಶ್ವರನಿಗೆ ಕೈಮುಗಿದರೆ, ಪಕ್ಕದ ಹೊರನಾಡಲ್ಲಿ ಅನ್ನಪೂರ್ಣೇಶ್ವರಿಯ ಊಟ. ಬಂದವರಿಗೆಲ್ಲ ಎಲೆ ಹಾಕಿರುತ್ತೆ.